ಪಾಸ್‌ಬುಕ್‌ನ ಮೊಟಕು ಅಕ್ಷರಗಳನ್ನು ಓದುವುದು ಹೇಗೆ?

ಪಾಸ್‌ಬುಕ್ ಎಂಟ್ರಿ ಮಾಡಿಸಿದ ಮೇಲೆ ಹೆಚ್ಚಿನವರು ನೋಡುವುದು ಕೊನೇ ಸಾಲಿನ ಬ್ಯಾಲೆನ್ಸ್ ಒಂದನ್ನೇ. ನಡುವೆ ಇರುವ ‘ಪರ್ಟಿಕ್ಯುಲರ್ಸ್’ ಕಾಲಂ ಕಡೆ ಯಾರೂ ತಲೆ ಹಾಕುವುದಿಲ್ಲ, ಅಲ್ಲಿ ಬರೀ ಇಂಗ್ಲಿಷ್ ಅಕ್ಷರ, ಗೆರೆ, ಅಂಕಿ. ಆದರೆ ದುಡ್ಡು ಎಲ್ಲಿ ಹೋಯಿತು ಅಂತ ಬರೆದಿರುವುದೇ ಆ ಕಾಲಂನಲ್ಲಿ. ಕಳೆದ ಮೂರ್ನಾಲ್ಕು ತಿಂಗಳ ಎಂಟ್ರಿ ಮತ್ತು ಒಂದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಬ್ಯಾಂಕಿನಿಂದ ಬ್ಯಾಂಕಿಗೆ ಬರೆಯುವ ರೀತಿ ಸ್ವಲ್ಪ ಬೇರೆ ಇರುತ್ತದೆ, ಆದರೆ ಬೇರು ಒಂದೇ.

ಮೊದಲು ದುಡ್ಡು ಬಂತಾ, ಹೋಯಿತಾ ಅಂತ ನೋಡಿ. ‘ಡಿಆರ್’ ಅಂದರೆ ಡೆಬಿಟ್, ಹೋಗಿದೆ. ‘ಸಿಆರ್’ ಅಂದರೆ ಕ್ರೆಡಿಟ್, ಬಂದಿದೆ. ಸ್ಟೇಟ್ ಬ್ಯಾಂಕಿನಂಥ ಕಡೆ ‘ಟು ಟ್ರಾನ್ಸ್‌ಫರ್’, ‘ಬೈ ಟ್ರಾನ್ಸ್‌ಫರ್’ ಅಂತಲೂ ಬರುತ್ತದೆ. ‘ಟು’ ಇದ್ದರೆ ನಿಮ್ಮ ಖಾತೆಯಿಂದ ಹೋದದ್ದು, ‘ಬೈ’ ಇದ್ದರೆ ಬಂದದ್ದು. ಇದು ಹಳೇ ಲೆಕ್ಕಪುಸ್ತಕದ ರೂಢಿ.

ಆಮೇಲೆ ಸಾಲನ್ನು ಓರೆಗೆರೆ ಇರುವಲ್ಲೆಲ್ಲ ತುಂಡು ಮಾಡಿ. ಯುಪಿಐ ಸಾಲಿನಲ್ಲಿ ಸಾಮಾನ್ಯವಾಗಿ ಯುಪಿಐ, ಡಿಆರ್ ಅಥವಾ ಸಿಆರ್, 12 ಅಂಕಿಯ ಒಂದು ನಂಬರ್, ಎದುರಿನವರ ಹೆಸರು, ನಾಲ್ಕು ಅಕ್ಷರದ ಬ್ಯಾಂಕ್ ಗುರುತು ಇರುತ್ತವೆ. ಆ 12 ಅಂಕಿಯೇ ಮುಖ್ಯ, ದೂರು ಕೊಡುವಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ. ಹೆಸರು ಅಂಗಡಿಯ ಬೋರ್ಡಿನ ಥರ ಇಲ್ಲದಿದ್ದರೆ ಗಾಬರಿ ಬೇಡ, ಖಾತೆ ಮಾಲೀಕರ ಹೆಸರಲ್ಲಿ ಇದ್ದಿರಬಹುದು. ‘ನಾನು ಕೊಟ್ಟಿದ್ದು ತರಕಾರಿಯವರಿಗೆ, ಇಲ್ಲಿ ವೈಇಎಸ್‌ಬಿ ಅಂತ ಯಾಕಿದೆ’ ಅಂತ ಕೇಳುವವರು ಬಹಳ. ಅದು ಯೆಸ್ ಬ್ಯಾಂಕ್. ಅಂಗಡಿಯವರ ಕ್ಯೂಆರ್ ಆ ಬ್ಯಾಂಕಿನ ಮೂಲಕ ಓಡುತ್ತಿದೆ, ಅಷ್ಟೇ. ಸಿಎನ್‌ಆರ್‌ಬಿ ಅಂದರೆ ಕೆನರಾ, ಕೆಎಆರ್‌ಬಿ ಅಂದರೆ ಕರ್ನಾಟಕ ಬ್ಯಾಂಕ್. ಯುಟಿಐಬಿ ಅಂದರೆ ಆಕ್ಸಿಸ್ ಬ್ಯಾಂಕ್, ಅದರ ಹಳೇ ಹೆಸರು ಯುಟಿಐ ಬ್ಯಾಂಕ್.

ದುಡ್ಡು ಕಳಿಸುವಾಗ ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಶುರುವಾಗುವುದೂ ಇದೇ ನಾಲ್ಕು ಅಕ್ಷರದಿಂದ. ಒಟ್ಟು 11 ಜಾಗ: ನಾಲ್ಕು ಬ್ಯಾಂಕಿಗೆ, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಗೆ. ಐದನೇ ಜಾಗದಲ್ಲಿ ‘ಓ’ ಅಕ್ಷರ ಒತ್ತಿ ಆಮೇಲೆ ‘ತಗೊಳ್ತಾ ಇಲ್ಲ’ ಅಂತ ಒದ್ದಾಡಬೇಡಿ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಲ್ಲ ಬೇರೆ ಬ್ಯಾಂಕುಗಳ ಜೊತೆ ಸೇರಿ ಹೋಗಿವೆ. ಹಳೇ ಚೆಕ್‌ಬುಕ್ ನೋಡಿ ಅವುಗಳ ಕೋಡ್ ಬರೆದುಕೊಡಬೇಡಿ.

ಎನ್‌ಇಎಫ್‌ಟಿ, ಐಎಂಪಿಎಸ್, ಆರ್‌ಟಿಜಿಎಸ್ ಮೂರೂ ದುಡ್ಡು ಹೋಗುವ ದಾರಿಗಳು. ಎನ್‌ಇಎಫ್‌ಟಿ ಅರ್ಧ ಗಂಟೆಗೊಮ್ಮೆ ಎಲ್ಲರದ್ದೂ ಒಟ್ಟಿಗೆ ಹೋಗುತ್ತದೆ, ಐಎಂಪಿಎಸ್ ಆಗಿಂದಾಗಲೇ ಹೋಗುತ್ತದೆ. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ರೂಪಾಯಿ ಬೇಕು.

ಈಗ ಪೆನ್ಸಿಲ್ ಜಾಸ್ತಿ ಓಡಬೇಕಾದ ಜಾಗಕ್ಕೆ ಬನ್ನಿ. ನೀವು ಏನೂ ಒತ್ತದೆ, ಯಾವ ಚೀಟಿಗೂ ಸಹಿ ಹಾಕದೆ ತಾನಾಗಿ ಹೋಗುವ ದುಡ್ಡು. ‘ಎಸಿಎಚ್ ಡಿ’ ಅಥವಾ ‘ನ್ಯಾಚ್’ ಅಂತಿದ್ದರೆ ನೀವು ಹಿಂದೆ ಯಾವಾಗಲೋ ಕೊಟ್ಟ ಒಪ್ಪಿಗೆಯ ಮೇಲೆ ಯಾರೋ ದುಡ್ಡು ಎಳೆದುಕೊಂಡಿದ್ದಾರೆ ಅಂತ ಅರ್ಥ. ಹೆಚ್ಚಾಗಿ ಸಾಲದ ಇಎಂಐ, ಎಲ್‌ಐಸಿ ಕಂತು, ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ಕಂತು) ಇಂಥವು. ‘ಎಸ್‌ಐ’ ಅಂದರೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್, ಅದೂ ಇದೇ ಜಾತಿ. ಸಾಲ ತೀರಿದ ಮೇಲೂ ಎಳೆಯುತ್ತಿದ್ದರೆ ಯುಎಂಆರ್‌ಎನ್ ಅನ್ನುವ ಒಪ್ಪಿಗೆ ನಂಬರ್ ಹುಡುಕಿ, ಅದನ್ನು ಬರೆದು ರದ್ದು ಮಾಡಲು ಬ್ಯಾಂಕಿಗೇ ಅರ್ಜಿ ಕೊಡಿ. ಇನ್ನೊಂದು, ಇಎಂಐ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ‘ರಿಟರ್ನ್ ಚಾರ್ಜ್’ ಅಂತ ನಿಮ್ಮ ಬ್ಯಾಂಕ್ ಕತ್ತರಿಸುತ್ತದೆ, ಸಾಲ ಕೊಟ್ಟವರೂ ಬೇರೆ ದಂಡ ಹಾಕುತ್ತಾರೆ. ಒಂದು ತಪ್ಪಿಗೆ ಎರಡು ಕಡೆ ಏಟು.

ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳನ್ನು ಬೇರೆಯಾಗಿ ನೋಡಿ. ಪಿಎಂಎಸ್‌ಬಿವೈ 20 ರೂಪಾಯಿ, ಇದು ಅಪಘಾತ ವಿಮೆ. ಪಿಎಂಜೆಜೆಬಿವೈ 436 ರೂಪಾಯಿ, ಇದು ಜೀವ ವಿಮೆ. ಎರಡೂ 2 ಲಕ್ಷದ ರಕ್ಷಣೆ ಕೊಡುವ ಸರ್ಕಾರಿ ಯೋಜನೆಗಳು, ಕತ್ತರಿಸಿದ್ದು ಮೋಸ ಅಂದುಕೊಳ್ಳಬೇಡಿ. ಆದರೆ ಒಂದೇ ಯೋಜನೆಗೆ ಎರಡು ಬ್ಯಾಂಕಿನಲ್ಲೂ ಕತ್ತರಿಸುತ್ತಿದ್ದರೆ ಒಂದು ಕಡೆ ನಿಲ್ಲಿಸಿ. ವಿಮೆ ಸಿಗುವುದು ಒಂದೇ ಖಾತೆಗೆ, ಇನ್ನೊಂದರ ಕಂತು ಸುಮ್ನೆ ಹೋದಂತೆ. ಮುಖ್ಯವಾಗಿ, ಈ ಸಾಲು ಇದೆ ಅಂತ ಮನೆಯವರಿಗೆ ಹೇಳಿಡಿ. ಗೊತ್ತಿಲ್ಲದೆ ಹೋದರೆ ಕ್ಲೇಮ್ ಕೇಳುವವರು ಯಾರು?

27 ರೂಪಾಯಿ 14 ಪೈಸೆ ಕಂಡರೆ ಅದು ಎಟಿಎಂ ಶುಲ್ಕ ಇರಬಹುದು. ಉಚಿತ ಮಿತಿ ದಾಟಿದ ಮೇಲೆ ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು, ಅದರ ಮೇಲೆ ಶೇ 18 ಜಿಎಸ್‌ಟಿ. ಬೇರೆ ಬ್ಯಾಂಕಿನ ಎಟಿಎಂ ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ 5 ಸಲ ಉಚಿತ. ಬ್ಯಾಲೆನ್ಸ್ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ‘ಎಎಂಬಿ’ ಅಥವಾ ‘ಎಂಎಬಿ’ ಅಂದರೆ ತಿಂಗಳ ಸರಾಸರಿ ಬ್ಯಾಲೆನ್ಸ್ ಇಟ್ಟಿಲ್ಲ ಅನ್ನುವ ದಂಡ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ 2025ರಲ್ಲಿ ಉಳಿತಾಯ ಖಾತೆಗೆ ಇದನ್ನು ಕೈಬಿಟ್ಟಿವೆ. ನಿಮ್ಮ ಬ್ಯಾಂಕ್ ಇನ್ನೂ ಹಾಕುತ್ತಿದ್ದರೆ ಖಾತೆಯ ಬಗೆ ಬದಲಿಸಲು ಕೇಳಿ, ನಾಚಿಕೆ ಯಾಕೆ?

ಬರುವ ದುಡ್ಡಿನಲ್ಲಿ ಗೊಂದಲ ಇರುವುದು ‘ಡಿಬಿಟಿ’ ಮತ್ತು ‘ಎಪಿಬಿ’ಯಲ್ಲಿ. ಡಿಬಿಟಿ ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ದುಡ್ಡು, ಎಪಿಬಿ ಅಂದರೆ ಆಧಾರ್ ನಂಬರ್ ಹಿಡಿದು ಅದನ್ನು ಖಾತೆಗೆ ತಲುಪಿಸುವ ದಾರಿ. ಗೃಹಲಕ್ಷ್ಮಿಯ 2,000, ಪಿಎಂ ಕಿಸಾನ್‌ನ ಕಂತು ಬರುವುದು ಡಿಬಿಟಿ ಮೂಲಕ. ಆಧಾರ್ ಮೇಲೆ ಬರುವ ದುಡ್ಡು, ನೀವು ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) ಮಾಡಿಸಿದ್ದೀರೋ ಆ ಖಾತೆಗೆ ಬೀಳುತ್ತದೆ. ‘ದುಡ್ಡೇ ಬಂದಿಲ್ಲ’ ಅಂತ ಅಲೆಯುವ ಮುಂಚೆ, ಎಂದೋ ತೆರೆದು ಮರೆತ ಖಾತೆಯ ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಅಂತಲೂ ಇದೆ, ಬ್ಯಾಂಕಿನ ಹೆಸರು ತೋರಿಸುತ್ತದೆ.

‘ಎಇಪಿಎಸ್’ ಕಂಡಲ್ಲಿ ಮಾತ್ರ ನಿಂತು ಯೋಚಿಸಿ. ಅದು ಆಧಾರ್ ಮತ್ತು ಬೆರಳಚ್ಚಿನಿಂದ ದುಡ್ಡು ತೆಗೆಯುವ ವ್ಯವಸ್ಥೆ, ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಹತ್ತಿರ ಇರುವ ಮೆಷಿನ್. ಇದಕ್ಕೆ ಒಟಿಪಿ ಬೇಕಿಲ್ಲ. ನೀವು ಬೆರಳು ಇಡದೆ ಈ ಸಾಲು ಬಂದಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ.

ಇಷ್ಟಾದರೂ ಬಿಡಿಸಲಾಗದ ಸಾಲು ಒಂದೆರಡು ಉಳಿಯುತ್ತವೆ. ತಾರೀಖು, ಮೊತ್ತ, ಅಕ್ಷರಗಳನ್ನು ಇದ್ದ ಹಾಗೇ ಒಂದು ಹಾಳೆಗೆ ಬರೆದು ಶಾಖೆಗೆ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಫೀಸಿಲ್ಲ, ಆ ಸೀಲಿನ ನಕಲು ಅಲ್ಲಿ ಬೇಕಾಗುತ್ತದೆ.