ಲ್ಯಾಬ್ ಪರೀಕ್ಷೆಗೆ ಬರೆಯುವ ರೂಢಿ ಬದಲಿಸುವುದು ಹೇಗೆ?

ಮಳೆಗಾಲದ ಜ್ವರ ಶುರುವಾದರೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಉಪ್ಪಳ, ಕುಂಬಳೆಯ ಕಡೆ ಲ್ಯಾಬ್‌ಗಳ ಮುಂದೆ ಜನ ಹೆಚ್ಚುತ್ತಾರೆ. ಡೆಂಗಿ, ಇಲಿಜ್ವರಗಳಿರುವ ಸೀಮೆಯಲ್ಲಿ ಪರೀಕ್ಷೆಯೇ ಬೇಡವೆನ್ನಲಾಗದು. ಚಿಕಿತ್ಸೆಯನ್ನು ಯಾವ ರೀತಿಯಲ್ಲೂ ಬದಲಿಸದ ಪರೀಕ್ಷೆಗಳನ್ನು ಕಡಿಮೆ ಮಾಡಬೇಕೆಂದು ಆಸ್ಪತ್ರೆಯ ಆಡಳಿತಕ್ಕೆ ಅನ್ನಿಸಿದಾಗ, ಸಾಮಾನ್ಯವಾಗಿ ಒಂದು ಸುತ್ತೋಲೆ ಹೊರಡುತ್ತದೆ ಅಥವಾ ಉಪನ್ಯಾಸ ನಡೆಯುತ್ತದೆ. ಅವುಗಳ ಪರಿಣಾಮ ಹೆಚ್ಚು ಕಾಲ ಉಳಿಯುವುದಿಲ್ಲ. ಏಕೆಂದರೆ ವೈದ್ಯರಿಗೆ ವಿಷಯ ಗೊತ್ತಿಲ್ಲವೆಂಬುದಕ್ಕಿಂತ, ರೋಗಿಗಳ ಗದ್ದಲದ ನಡುವೆ ಲ್ಯಾಬ್ ಪರೀಕ್ಷೆಯ ಚೀಟಿಯಲ್ಲಿ ಗುರುತು ಹಾಕುವ ಕೈ ರೂಢಿಯಂತೆ ನಡೆಯುತ್ತದೆ ಎಂಬುದೇ ಸಮಸ್ಯೆ.

ಮೊದಲು ಲ್ಯಾಬ್ ರಿಜಿಸ್ಟರಿನಿಂದ ಎರಡು ಮೂರು ಪರೀಕ್ಷೆಗಳನ್ನಷ್ಟೇ ಆರಿಸಿಕೊಳ್ಳಿ. ಟೈಫಾಯ್ಡ್‌ಗಾಗಿ ಮಾಡಿಸುವ ವಿಡಾಲ್, ಮಧುಮೇಹಕ್ಕೆ ನೋಡುವ ಎಚ್‌ಬಿಎ1ಸಿ, ಥೈರಾಯ್ಡ್‌ಗೆ ನೋಡುವ ಟಿಎಸ್‌ಎಚ್ ಒಳ್ಳೆಯ ಆರಂಭ. ಯಾರು ಎಷ್ಟು ಬರೆದರು ಎಂಬುದಕ್ಕಿಂತ, ಒಬ್ಬರೇ ರೋಗಿಗೆ ಎಷ್ಟು ದಿನಗಳ ಅಂತರದಲ್ಲಿ ಮತ್ತೆ ಬರೆದರು ಎಂಬ ಲೆಕ್ಕ ಹೆಚ್ಚು ಹೇಳುತ್ತದೆ.

ಬಳಿಕ ಚೀಟಿಯನ್ನೇ ತಿದ್ದಿ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೆಂದು ನನ್ನ ಅಭಿಪ್ರಾಯ. ಅಚ್ಚಾದ ಪಟ್ಟಿಯಿಂದ ವಿಡಾಲನ್ನು ತೆಗೆದು, ಬೇಕಾದವರು ಕೈಯಲ್ಲಿ ಬರೆಯಲಿ ಎಂದು ಬಿಟ್ಟರೆ ಯಾರ ಅಧಿಕಾರವನ್ನೂ ಕಿತ್ತುಕೊಂಡಂತಾಗುವುದಿಲ್ಲ. ‘ಫೀವರ್ ಪ್ರೊಫೈಲ್’ ಎಂಬ ಒಂದೇ ಚೌಕವನ್ನು ಒಡೆದು ಪರೀಕ್ಷೆಗಳನ್ನು ಬೇರೆ ಬೇರೆಯಾಗಿ ಅಚ್ಚು ಹಾಕಿಸಿ. ಅದರ ಪಕ್ಕದಲ್ಲಿ ‘ಜ್ವರ ಬಂದು ಎಷ್ಟು ದಿನ?’ ಎಂಬ ಒಂದು ಖಾಲಿ ಜಾಗವಿರಲಿ: ಡೆಂಗಿ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಉಪಯುಕ್ತ, ರೋಗದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವಾದ ಐಜಿಎಂ ಆ ಬಳಿಕವೇ ಸರಿಯಾಗಿ ಸಿಗುವುದು, ಇಲಿಜ್ವರದ ಐಜಿಎಂ ಕೂಡ ಆರಂಭದ ದಿನಗಳಲ್ಲಿ ನೆಗೆಟಿವ್ ಬಂದರೆ ರೋಗವಿಲ್ಲವೆಂದು ಅರ್ಥವಲ್ಲ. ದೊಡ್ಡ ಪ್ಯಾಕೇಜುಗಳನ್ನು ಒಡೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ‘ನಾರ್ಮಲ್’ ಮಿತಿಯನ್ನು ಆರೋಗ್ಯವಂತರಲ್ಲಿ ಶೇ 95 ಮಂದಿ ಒಳಗೆ ಬರುವಂತೆ ಸಾಮಾನ್ಯವಾಗಿ ನಿಗದಿಪಡಿಸುವುದರಿಂದ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದ ಆರೋಗ್ಯವಂತನಿಗೂ ಒಂದಾದರೂ ಅಂಕಿ ಮಿತಿ ಮೀರುವ ಸಾಧ್ಯತೆ ಸುಮಾರು ಶೇ 64.

ಮೂರನೆಯದಾಗಿ, ಮರುಪರೀಕ್ಷೆಗೆ ಕನಿಷ್ಠ ಅಂತರವನ್ನು ವೈದ್ಯರೇ ಕುಳಿತು ನಿಗದಿಪಡಿಸಲಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವುದರಿಂದ ಮೂರು ತಿಂಗಳು, ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಟಿಎಸ್‌ಎಚ್‌ಗೆ ಆರು ವಾರ ಸಾಕು. ಗರ್ಭಿಣಿಯರಿಗೆ ಈ ಅಂತರ ಅನ್ವಯಿಸುವುದಿಲ್ಲ. ಅವಧಿಗೆ ಮೊದಲೇ ಚೀಟಿ ಬಂದರೆ ಟೆಕ್ನಿಷಿಯನ್ ಅದನ್ನು ತಿರಸ್ಕರಿಸದೆ ವೈದ್ಯರಿಗೆ ಒಂದು ಫೋನ್ ಮಾಡಬೇಕು.

ಗಡಿಯ ಈಚೆಗಿನ ನಮಗೆ ಇನ್ನೊಂದು ತೊಡಕುಂಟು. ಮಂಗಳೂರಿಗೆ ಹೋಗಿ ಬಂದ ರೋಗಿಯ ರಿಪೋರ್ಟ್ ಮನೆಯ ಕಪಾಟಿನಲ್ಲಿರುವಾಗ ಅದೇ ಪರೀಕ್ಷೆ ಕಾಸರಗೋಡಿನಲ್ಲಿ ಮತ್ತೆ ನಡೆಯುತ್ತದೆ. ಹಳೆಯ ರಿಪೋರ್ಟ್ ಇದೆಯೇ ಎಂದು ರಸೀದಿ ಕೌಂಟರಿನಲ್ಲಿ ಕನ್ನಡ, ತುಳು, ಮಲಯಾಳದಲ್ಲಿ ಕೇಳುವ ಏರ್ಪಾಡು ಮಾಡಿದರೆ ಖರ್ಚೇನೂ ಇಲ್ಲ.

ಪ್ರತಿ ತಿಂಗಳು ಪ್ರತಿಯೊಬ್ಬ ವೈದ್ಯರಿಗೂ ಅವರ ಅಂಕಿಯನ್ನು ಅದೇ ವಿಭಾಗದ ಸರಾಸರಿಯೊಂದಿಗೆ ಖಾಸಗಿಯಾಗಿ ಕೊಡಿ. ಕೊಡುವವರು ಹಿರಿಯ ವೈದ್ಯರಾಗಿರಲಿ. ಲೆಕ್ಕಪತ್ರ ವಿಭಾಗದಿಂದ ಬಂದ ಕಾಗದವನ್ನು ಯಾರೂ ಓದುವುದಿಲ್ಲ. ಪರೀಕ್ಷೆಗೆ ಕಳುಹಿಸಿದ್ದಕ್ಕೆ ಕಮಿಷನ್ ಸಿಗುತ್ತಿದ್ದರಂತೂ ಮೇಲಿನ ಯಾವುದೂ ನಡೆಯದು. 2002ರ ವೈದ್ಯಕೀಯ ನೀತಿ ನಿಯಮಾವಳಿಯೇ ಅದನ್ನು ನಿಷೇಧಿಸಿದೆ.

ಕೊನೆಗೆ, ಇಳಿಕೆಯ ಜೊತೆಗೆ ಏರಿಕೆಯನ್ನೂ ಎಣಿಸಿ. ವಿಡಾಲ್ ಇಳಿದ ಮೇಲೆ, ಟೈಫಾಯ್ಡ್ ಶಂಕೆಯಿರುವವರಿಗೆ ಆ್ಯಂಟಿಬಯೋಟಿಕ್‌ಗೆ ಮುಂಚೆ ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ತೆಗೆಯುವುದು ಹೆಚ್ಚಬೇಕು. ಅದು ಹೆಚ್ಚದಿದ್ದರೆ ಜ್ವರಕ್ಕೆ ಕಾರಣ ತಿಳಿಯದೆಯೇ ಔಷಧ ಕೊಡಲಾಗುತ್ತಿದೆ ಎಂದರ್ಥ. ಆಗ ಚೀಟಿಯ ಮೇಲ್ಭಾಗದಲ್ಲಿ ಕಲ್ಚರಿಗೆ ಜಾಗ ಮಾಡಿಕೊಟ್ಟು ಮುಂದಿನ ತಿಂಗಳ ಲೆಕ್ಕ ನೋಡಿ.