ಆಸ್ಟ್ರೇಲಿಯಾದಲ್ಲಿ ವಿಷ, ಹಾವು ಕಡಿತ, ಮಾತ್ರೆ ಜಾಸ್ತಿಯಾದಾಗ: ಮೊದಲ ಫೋನ್ ಯಾರಿಗೆ?

ಆಸ್ಟ್ರೇಲಿಯಾಕ್ಕೆ ಬಂದ ಮೊದಲ ವಾರದಲ್ಲೇ ಫೋನಿನಲ್ಲಿ ಒಂದು ನಂಬರ್ ಸೇವ್ ಮಾಡಿಕೊಳ್ಳಿ: 13 11 26. ಇದು ಪಾಯ್ಸನ್ಸ್ ಇನ್ಫರ್ಮೇಷನ್ ಸೆಂಟರ್. ಸಿಡ್ನಿಯಿಂದ ಮಾಡಿದರೂ ಇದೇ ನಂಬರ್, ಪರ್ತ್‌ನಿಂದ ಮಾಡಿದರೂ ಇದೇ. ಹಗಲು ರಾತ್ರಿ ಎನ್ನದೆ 24 ಗಂಟೆಯೂ ಯಾರಾದರೂ ಫೋನ್ ಎತ್ತುತ್ತಾರೆ. ಅವರು ವಿಷದ ವಿಷಯದಲ್ಲೇ ತರಬೇತಿ ಪಡೆದವರು. ಆಸ್ಪತ್ರೆಯ ಡಾಕ್ಟರುಗಳೂ ಅನುಮಾನ ಬಂದಾಗ ಇವರನ್ನೇ ಕೇಳುತ್ತಾರೆ.

ನಮ್ಮ ಎಷ್ಟೋ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಮೊದಲು ಹೋಗುವುದು ವಾಟ್ಸ್ಯಾಪ್ ಕಾಲ್, ಬೆಂಗಳೂರಲ್ಲಿರುವ ಅಕ್ಕನಿಗೋ ಊರಿನ ಡಾಕ್ಟರಿಗೋ. ಅವರ ಕಾಳಜಿ ನಿಜ. ಆದರೆ ಇಲ್ಲಿನ ಬಾಟಲಿಯಲ್ಲಿ ಏನಿದೆ, ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಆ ಹತ್ತು ನಿಮಿಷ ತುಂಬ ಬೆಲೆಯದ್ದು. ಮೊದಲು 13 11 26, ಆಮೇಲೆ ಊರಿಗೆ.

ಈ ಸೇವೆಯ ದೊಡ್ಡ ಉಪಯೋಗ ಏನು ಗೊತ್ತಾ? ಆಸ್ಪತ್ರೆಗೆ ಹೋಗುವ ಅಗತ್ಯವೇ ಇಲ್ಲದಿದ್ದರೆ ಅದನ್ನೂ ಧೈರ್ಯವಾಗಿ ಹೇಳುತ್ತಾರೆ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಮಣಿ ಮಗು ಚೀಪಿತು, ಅಪ್ಪ ಬಿಪಿ ಮಾತ್ರೆ ಮರೆತು ಎರಡು ಸಲ ತೆಗೆದುಕೊಂಡರು, ಇಂಥದ್ದಕ್ಕೆಲ್ಲ ಕೇಳಬಹುದು. ಯಾರೂ ಗದರುವುದಿಲ್ಲ. ಏನು ತಗೊಂಡರು, ಎಷ್ಟು, ಯಾವಾಗ, ತೂಕ ಎಷ್ಟು, ಈಗ ಹೇಗಿದ್ದಾರೆ ಎಂದು ಕೇಳುತ್ತಾರೆ. ಹಾಗಾಗಿ ಬಾಟಲಿ ಅಥವಾ ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡಿ. ಊರಿಂದ ತಂದ ಔಷಧಿಯಾದರೆ ಬ್ರ್ಯಾಂಡ್ ಹೆಸರಿನ ಜೊತೆಗೆ ಒಳಗಿರುವ ಔಷಧಿಯ ಹೆಸರನ್ನೂ ಓದಿ ಹೇಳಿ. ಡೋಲೋ ಎಂದರೆ ಅವರಿಗೆ ತಕ್ಷಣ ಹೊಳೆಯದಿರಬಹುದು. ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಎಂದರೆ ಹೊಳೆಯುತ್ತದೆ.

ಆದರೆ ಎಚ್ಚರ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ ನೇರ 000ಗೆ ಮಾಡಿ. ಮೊದಲು ಪೊಲೀಸ್, ಫೈರ್, ಆಂಬ್ಯುಲೆನ್ಸ್ ಇವುಗಳಲ್ಲಿ ಯಾವುದು ಬೇಕು ಎಂದು ಕೇಳುತ್ತಾರೆ. ಆಂಬ್ಯುಲೆನ್ಸ್ ಎನ್ನಿ, ವಿಳಾಸ ಹೇಳಿ, ಫೋನ್ ಇಡಬೇಡಿ. ಸ್ಪೀಕರ್ ಹಾಕಿ. ಆಂಬ್ಯುಲೆನ್ಸ್ ಬರುವ ತನಕ ಏನು ಮಾಡಬೇಕು ಎಂದು ಅವರೇ ಹೇಳಿಕೊಡುತ್ತಾರೆ. ಬಂದಿರುವ ಅಪ್ಪ ಅಮ್ಮನಿಗೂ ಈ ನಂಬರ್ ಬಾಯಿಪಾಠ ಮಾಡಿಸಿ. ಅವರಿಗೆ ಇಂಗ್ಲಿಷ್ ಕಷ್ಟವಾದರೆ ಭಾಷೆಯ ಹೆಸರು ಹೇಳಿ ಇಂಟರ್‌ಪ್ರೆಟರ್ ಬೇಕು ಅಂದರೆ ಸಾಕು. ಸರ್ಕಾರದ ಇಂಟರ್‌ಪ್ರೆಟರ್ ಸೇವೆಯ ನಂಬರ್ 131 450.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು, ಹುಣಸೆನೀರು ಕೊಡುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ರೂಢಿ. ಆದರೆ ಉಪ್ಪು ಜಾಸ್ತಿಯಾದರೆ ಅದೇ ಮಕ್ಕಳ ಪ್ರಾಣಕ್ಕೆ ಕುತ್ತು. ಆಸಿಡ್‌ನಂಥದ್ದು ಕುಡಿದಿದ್ದರೆ ಮೇಲೆ ಬರುವಾಗ ಗಂಟಲನ್ನು ಎರಡನೇ ಸಲ ಸುಡುತ್ತದೆ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಫೋನಿನಲ್ಲಿರುವವರು ಹೇಳದೆ ಏನನ್ನೂ ಕೊಡಬೇಡಿ.

ನಮ್ಮ ಮನೆಗಳಲ್ಲೇ ಇರುವ ಕೆಲವು ವಸ್ತುಗಳ ಬಗ್ಗೆ ಇಲ್ಲಿನ ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ. ದೇವರ ಮನೆಯ ಕರ್ಪೂರ ಅದರಲ್ಲಿ ಮೊದಲನೆಯದು. ಬಿಳಿ ಬಿಲ್ಲೆ, ಕಲ್ಲುಸಕ್ಕರೆ ಥರ ಕಾಣುತ್ತದೆ. ಸಣ್ಣ ಮಗು ಚೂರು ನುಂಗಿದರೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಹಾಗೇ. ಶೀತಕ್ಕೆ ಎದೆಗೆ ಹಚ್ಚಿ ಬಾಟಲಿಯನ್ನು ಮಂಚದ ಪಕ್ಕ ಇಡುತ್ತೇವೆ, ಅಲ್ವಾ? ಒಂದು ಗುಟುಕು ಮಗುವನ್ನು ಮಂಪರಿಗೆ ದೂಡಲು ಸಾಕು. ಬೀರುವಿನ ನುಸಿಗುಳಿಗೆಯನ್ನೂ ಎತ್ತರಕ್ಕಿಡಿ. ಭಸ್ಮ ಸೇರಿದ ಕೆಲವು ಆಯುರ್ವೇದ ಗುಳಿಗೆಗಳಲ್ಲಿ ಸೀಸ, ಪಾದರಸ ಇರುತ್ತದೆ. ಮನೆಯಲ್ಲಿ ಯಾರಾದರೂ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ರಿಮೋಟ್‌ನಲ್ಲಿರುವ ಬಟನ್ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆ ಎಂಬ ಸಂಶಯ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಆಗಲೇ ಫೋನ್ ಮಾಡಿ.

ಪ್ಯಾರಾಸಿಟಮಾಲ್ ಬಗ್ಗೆ ಬೇರೆಯಾಗೇ ಹೇಳಬೇಕು. ಇಲ್ಲಿ ಅದು ಪ್ಯಾನಡಾಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಶೀತದ ಮಾತ್ರೆಗಳಲ್ಲೂ ಸೇರಿರುತ್ತದೆ. ಊರಿಂದ ತಂದ ಡೋಲೋ, ಇಲ್ಲಿ ಕೊಂಡ ಪ್ಯಾನಡಾಲ್, ಜೊತೆಗೆ ಶೀತದ ಮಾತ್ರೆ, ಮೂರನ್ನೂ ಒಟ್ಟಿಗೆ ತಗೊಂಡರೆ ಗೊತ್ತಿಲ್ಲದೇ ಡೋಸ್ ಮೀರುತ್ತದೆ. ಇದರ ಅಪಾಯ ಏನೆಂದರೆ, ಮೊದಲ ದಿನ ಮನುಷ್ಯ ಆರಾಮಾಗೇ ಕಾಣುತ್ತಾನೆ. ಲಿವರ್ ಆಮೇಲೆ ಹಾಳಾಗುತ್ತದೆ. ಇದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಒಳ್ಳೆಯ ಪ್ರತಿಮದ್ದಿದೆ. ಎಂಟು ಗಂಟೆಯೊಳಗೆ ಶುರುವಾದರೆ ಬಹುಮಟ್ಟಿಗೆ ಕಾಪಾಡುತ್ತದೆ. ಹಾಗಾಗಿ 'ಈಗ ಚೆನ್ನಾಗಿದ್ದಾರಲ್ಲ, ಬೆಳಿಗ್ಗೆ ನೋಡೋಣ' ಅನ್ನುವ ಮಾತು ಬೇಡ. 2025ರ ಫೆಬ್ರವರಿ 1ರಿಂದ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಪ್ಯಾಕ್‌ಗೆ 16 ಮಾತ್ರೆ ಮಾತ್ರ. ಮೊದಲು 20 ಇತ್ತು. ಮನೆಯಲ್ಲಿ ರಾಶಿ ಸೇರಬಾರದು ಎಂಬುದೇ ಉದ್ದೇಶ. ನಾವು ಊರಿಂದ ಸೂಟ್‌ಕೇಸ್ ತುಂಬ ಮಾತ್ರೆ ತಂದರೆ ಆ ಉದ್ದೇಶವೇ ತಪ್ಪುತ್ತದೆ.

ಬಲವಾದ ನೋವಿನ ಮಾತ್ರೆ ತಗೊಳ್ಳುವವರು ಮನೆಯಲ್ಲಿದ್ದರೆ ಫಾರ್ಮಸಿಯಲ್ಲಿ ನಾಲಾಕ್ಸೋನ್ ಕೇಳಿ. ಮಾರ್ಫಿನ್ ಜಾತಿಯ ಔಷಧಿ ಜಾಸ್ತಿಯಾಗಿ ಉಸಿರು ನಿಧಾನವಾದಾಗ ಇದು ಜೀವ ಉಳಿಸುತ್ತದೆ. ಮೂಗಿಗೆ ಹಾಕುವ ಸ್ಪ್ರೇ ಆಗಿಯೂ ಬರುತ್ತದೆ. 2022ರ ಜುಲೈಯಿಂದ ದೇಶಾದ್ಯಂತ ಚೀಟಿ ಇಲ್ಲದೆ, ಪುಕ್ಕಟೆ ಕೊಡುತ್ತಾರೆ. ಸ್ಪ್ರೇ ಕೊಟ್ಟ ಮೇಲೂ 000ಗೆ ಫೋನ್ ಮಾಡಲೇಬೇಕು. ಅದರ ಪರಿಣಾಮ ಸ್ವಲ್ಪ ಹೊತ್ತಿಗೆ ಇಳಿದುಹೋಗಬಹುದು.

ಈಗ ಹಾವು. ಊರಲ್ಲಿ ಕಲಿತದ್ದು ಇಲ್ಲಿಗೆ ಹೊಂದುವುದಿಲ್ಲ, ಇಲ್ಲಿ ಕಲಿತದ್ದು ಊರಿಗೂ ಹೊಂದುವುದಿಲ್ಲ. ನಮ್ಮ ಕೊಳಕುಮಂಡಲ ಕಡಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಆದ್ದರಿಂದ ಭಾರತದಲ್ಲಿ ಒತ್ತಿ ಬ್ಯಾಂಡೇಜ್ ಕಟ್ಟಬೇಡಿ, ಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ತನ್ನಿ ಅನ್ನುತ್ತಾರೆ. ಆಸ್ಟ್ರೇಲಿಯಾದ ಬ್ರೌನ್ ಸ್ನೇಕ್, ಟೈಗರ್ ಸ್ನೇಕ್, ಟೈಪಾನ್ ಇವೆಲ್ಲ ನಾಗರಹಾವಿನ ಬಳಗದವು. ಇವುಗಳ ವಿಷ ದುಗ್ಧನಾಳದ (ರಕ್ತವಲ್ಲದ ತಿಳಿದ್ರವ ಹರಿಯುವ ಸಣ್ಣ ನಾಳಗಳ) ಮೂಲಕ ನಿಧಾನಕ್ಕೆ ಮೇಲೇರುತ್ತದೆ. ಅದನ್ನು ತಡೆಯಲು ಸ್ಟ್ರೂವನ್ ಸದರ್ಲೆಂಡ್ ಎಂಬ ಇಲ್ಲಿನ ವಿಜ್ಞಾನಿ 1970ರ ದಶಕದ ಕೊನೆಯಲ್ಲಿ ಒಂದು ವಿಧಾನ ರೂಪಿಸಿದರು. ಕಡಿದ ಕೈ ಅಥವಾ ಕಾಲಿಗೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಬೆರಳಿನ ತುದಿಯಿಂದ ಮೇಲಕ್ಕೆ ಆದಷ್ಟೂ ಪೂರ್ತಿ ಸುತ್ತಬೇಕು. ಬ್ಯಾಂಡೇಜಿನಡಿ ಬೆರಳು ಸುಲಭವಾಗಿ ತೂರಬಾರದು, ಅಷ್ಟು ಬಿಗಿ. ಮೇಲೆ ಒಂದು ಕೋಲೋ ಹಲಗೆಯೋ ಇಟ್ಟು ಕಟ್ಟಿ. ಆಮೇಲೆ ಆ ವ್ಯಕ್ತಿ ಒಂದು ಹೆಜ್ಜೆಯನ್ನೂ ಇಡಬಾರದು. ಆಂಬ್ಯುಲೆನ್ಸ್ ಅವರಿದ್ದಲ್ಲಿಗೇ ಬರಲಿ.

ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಡಿದ ಜಾಗ ತೊಳೆಯಲೂ ಬೇಡಿ. ಚರ್ಮದ ಮೇಲೆ ಉಳಿದ ವಿಷದಿಂದ ಯಾವ ಜಾತಿಯ ಹಾವು ಎಂದು ಪರೀಕ್ಷೆ ಮಾಡುವುದುಂಟು. ಹಾವನ್ನು ಹೊಡೆದು ತರುವ ಅಗತ್ಯವೂ ಇಲ್ಲ. ಇಲ್ಲಿ ಹಾವುಗಳಿಗೆ ಕಾನೂನಿನ ರಕ್ಷಣೆ ಇದೆ, ಹೊಡೆಯಲು ಹೋದವರೇ ಇನ್ನೊಮ್ಮೆ ಕಡಿಸಿಕೊಳ್ಳುವ ಅಪಾಯವೂ ಇದೆ. ಆಸ್ಪತ್ರೆಯಲ್ಲಿ ಪದೇಪದೇ ರಕ್ತ ಪರೀಕ್ಷೆ ಮಾಡಿ ಸುಮಾರು 12 ಗಂಟೆ ಇರಿಸಿಕೊಳ್ಳುತ್ತಾರೆ. ವಿಷ ಏರಿದ್ದು ಕಂಡರೆ ಮಾತ್ರ ಪ್ರತಿವಿಷ ಕೊಡುತ್ತಾರೆ. 'ಇಂಜೆಕ್ಷನ್ನೇ ಹಾಕಲಿಲ್ಲ' ಎಂದು ಬೇಸರ ಬೇಡ. ಎಷ್ಟೋ ಕಡಿತಗಳಲ್ಲಿ ವಿಷ ಒಳಗೆ ಹೋಗಿರುವುದೇ ಇಲ್ಲ. ಈ ವ್ಯವಸ್ಥೆಯಿಂದಲೇ ಇಷ್ಟು ವಿಷದ ಹಾವುಗಳಿರುವ ದೇಶದಲ್ಲಿ ಹಾವು ಕಡಿದು ಸಾಯುವವರು ವರ್ಷಕ್ಕೆ ಸರಾಸರಿ ಇಬ್ಬರಷ್ಟೇ.

ಸಿಡ್ನಿ ಸುತ್ತಮುತ್ತ ಫನಲ್‌ವೆಬ್ ಎಂಬ ದೊಡ್ಡ ಕಪ್ಪು ಜೇಡ ಕಡಿದರೂ ಇದೇ ಬ್ಯಾಂಡೇಜ್, ಇದೇ ಅವಸರ. ಬೆನ್ನಮೇಲೆ ಕೆಂಪು ಪಟ್ಟಿಯಿರುವ ರೆಡ್‌ಬ್ಯಾಕ್ ಜೇಡಕ್ಕೆ ಬ್ಯಾಂಡೇಜ್ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಉತ್ತರ ಕ್ವೀನ್ಸ್‌ಲ್ಯಾಂಡ್‌ನ ಸಮುದ್ರದಲ್ಲಿ ಜೆಲ್ಲಿಫಿಶ್ ಕುಟುಕಿದರೆ ವಿನೆಗರ್ ಸುರಿಯಿರಿ, ಅಲ್ಲಿನ ಎಷ್ಟೋ ಬೀಚುಗಳಲ್ಲಿ ಬಾಟಲಿ ಇಟ್ಟೇ ಇರುತ್ತಾರೆ. ದಕ್ಷಿಣದ ಬ್ಲೂಬಾಟಲ್‌ಗೆ ವಿನೆಗರ್ ಅಲ್ಲ, ತಡೆಯುವಷ್ಟು ಬಿಸಿಯ ನೀರು. ಮಲೆನಾಡು, ಕೊಡಗಿನ ಕಡೆಯವರಿಗೆ ಒಂದು ಮಾತು: ಕ್ಯಾನ್‌ಬೆರಾ, ಮೆಲ್ಬರ್ನ್‌ನಲ್ಲಿ ಓಕ್ ಮರದಡಿ ಏಳುವ ಅಣಬೆಯನ್ನು ಮುಟ್ಟಲೇಬೇಡಿ. ಡೆತ್ ಕ್ಯಾಪ್ ಎಂಬ ಕೊಲೆಗಾರ ಅಣಬೆ ಅಲ್ಲಿದೆ. ಬೇಯಿಸಿದರೂ ವಿಷ ಹೋಗುವುದಿಲ್ಲ.

2022ರ ಡಿಸೆಂಬರ್‌ನಲ್ಲಿ ಇಲ್ಲಿ ಮಾರುಕಟ್ಟೆಗೆ ಬಂದ ಎಳೆ ಪಾಲಕ್ ಸೊಪ್ಪಿನಲ್ಲಿ ಕಳೆಗಿಡವೊಂದರ ಎಲೆ ಸೇರಿಹೋಗಿತ್ತು. ಅದು ನಮ್ಮ ದತ್ತೂರಿಯ ಜಾತಿಯದು. ತಿಂದವರು ಬಡಬಡಿಸತೊಡಗಿದರು. ಇಲ್ಲದ್ದು ಕಾಣಿಸಿತು, ಬಾಯಿ ಒಣಗಿತು, ಎದೆ ಜೋರಾಗಿ ಬಡಿಯಿತು, ಕಣ್ಣು ಮಂಜಾಯಿತು. ನೋಡಿದವರಿಗೆ ಹುಚ್ಚು ಹಿಡಿದ ಹಾಗೆ, ಆದರೆ ಅದು ವಿಷ. ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಕೂಗಾಡಿದರೆ, ಹೊಡೆಯಲು ಬಂದರೆ, ಗುರುತು ಹಿಡಿಯದಿದ್ದರೆ ಮೊದಲು ದೇಹದ ಕಾಯಿಲೆ ಎಂದೇ ನೋಡಿ. ಶುಗರ್ ಇಳಿದಿರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು. ವಯಸ್ಸಾದವರಿಗೆ ಮೂತ್ರದ ಸೋಂಕಿನಿಂದಲೂ ಹೀಗಾಗುತ್ತದೆ. ದಿನವೂ ಕುಡಿಯುತ್ತಿದ್ದವರು ತಟ್ಟನೆ ಬಿಟ್ಟರೂ ಆಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಕುಡಿತದ ವಿಷಯ ಹಿರಿಯರ ಮುಂದೆ ಹೇಳಲು ಸಂಕೋಚವಾದರೆ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಿ.

000ಗೆ ಫೋನ್ ಮಾಡಿದಾಗ 'ಶುಗರ್ ಇದೆ, ಇಂಥ ಮಾತ್ರೆ ತಗೊಳ್ಳುತ್ತಾರೆ, ಇವತ್ತೇ ಶುರುವಾಯ್ತು' ಎಂದು ಮೊದಲೇ ಹೇಳಿ. ಕೈಯಲ್ಲಿ ಚಾಕು ಇದ್ದರೆ ಅದನ್ನೂ ಹೇಳಿ. ಪೊಲೀಸರು ಜೊತೆಗೆ ಬರಬಹುದು, ಅದರರ್ಥ ಕೇಸು ಹಾಕುತ್ತಾರೆ ಎಂದಲ್ಲ. ಹಗ್ಗದಲ್ಲಿ ಕಟ್ಟಬೇಡಿ, ಬೋರಲು ಮಲಗಿಸಿ ಒತ್ತಿ ಹಿಡಿಯಬೇಡಿ, ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಮೊದಲು ಶಾಂತವಾದ ಕೋಣೆ, ಮಾತು, ನುಂಗುವ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಹಲವರು ಸೇರಿ ಹಿಡಿದು ಡ್ರಾಪೆರಿಡಾಲ್‌ನಂಥ ಶಾಂತಗೊಳಿಸುವ ಇಂಜೆಕ್ಷನ್ ಕೊಟ್ಟು, ಉಸಿರು, ಹೃದಯ ಗಮನಿಸುತ್ತಾ ಇರುತ್ತಾರೆ. ಮನೆಯವರಿಗೆ ನೋಡಲು ತುಂಬ ಸಂಕಟ. ಒಪ್ಪಿಗೆ ಇಲ್ಲದೆ ತಪಾಸಣೆಗೆ ಇರಿಸಿಕೊಳ್ಳುವುದಕ್ಕೆ ಪ್ರತಿ ರಾಜ್ಯಕ್ಕೂ ತನ್ನದೇ ಮಾನಸಿಕ ಆರೋಗ್ಯ ಕಾನೂನಿದೆ, ನ್ಯೂ ಸೌತ್ ವೇಲ್ಸ್‌ನಲ್ಲಿ 2007ರದ್ದು, ವಿಕ್ಟೋರಿಯಾದಲ್ಲಿ 2022ರದ್ದು. ರೋಗಿಯ ಹಕ್ಕುಗಳೇನು ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ.

ಬೇಕೆಂದೇ ಮಾತ್ರೆ ನುಂಗಿದ್ದರೆ? ನಮ್ಮೂರಲ್ಲಿ ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸು), ಪೊಲೀಸ್ ಎಂಬ ಹೆದರಿಕೆಗೆ ಸುಳ್ಳು ಹೇಳುವ ಅಭ್ಯಾಸ ಇದೆ. ಇಲ್ಲಿ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಲ್ಲ. ಏನು, ಎಷ್ಟು ಎಂಬ ನಿಜ ಗೊತ್ತಾದರೆ ಮಾತ್ರ ಸರಿಯಾದ ಪ್ರತಿಮದ್ದು ಕೊಡಲು ಸಾಧ್ಯ. ದೇಹ ಸುಧಾರಿಸಿದ ಮೇಲೆ ಮನಸ್ಸಿನ ತಜ್ಞರು ಬಂದು ಮಾತಾಡುತ್ತಾರೆ. ಆಗ ದಯವಿಟ್ಟು ಹೊರಗೆ ಹೋಗಿ. ಗಂಡನೋ ಅತ್ತೆಯೋ ಪಕ್ಕದಲ್ಲಿ ಕೂತು ಉತ್ತರ ಕೊಡಬಾರದು, ಅನುವಾದವನ್ನೂ ಮಾಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಇಂಟರ್‌ಪ್ರೆಟರ್ ಪುಕ್ಕಟೆ. ಮನೆಯಲ್ಲಿ ಹಿಂಸೆ ಇದ್ದರೆ 1800 737 732, ಬದುಕೇ ಬೇಡ ಎನ್ನಿಸುತ್ತಿದ್ದರೆ 13 11 14. ಎರಡೂ ಹಗಲು ರಾತ್ರಿ ಇರುತ್ತವೆ.

ಕೊನೆಗೆ ದುಡ್ಡಿನ ಮಾತು. ಮೆಡಿಕೇರ್ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಇದ್ದರೂ ಅದು ಆಂಬ್ಯುಲೆನ್ಸ್ ಬಿಲ್ ಕಟ್ಟುವುದಿಲ್ಲ. ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾದಲ್ಲಿ ನೆಲೆಸಿದವರಿಗೆ ಅಲ್ಲಿನ ಸರ್ಕಾರವೇ ಭರಿಸುತ್ತದೆ. ಉಳಿದ ಕಡೆ ಇನ್ಶೂರೆನ್ಸ್ ಅಥವಾ ಆಂಬ್ಯುಲೆನ್ಸ್ ಸದಸ್ಯತ್ವ ಬೇಕು. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಚಿಕಿತ್ಸೆಯ ಪರಸ್ಪರ ಒಪ್ಪಂದ ಇಲ್ಲ. ಹಾಗಾಗಿ ಬಾಣಂತನಕ್ಕೆಂದು ಬರುವ ಅಮ್ಮನಿಗೆ ಟಿಕೆಟ್ ಮಾಡಿಸುವ ದಿನವೇ ಪ್ರವಾಸಿಗರ ಆರೋಗ್ಯ ವಿಮೆಯನ್ನೂ ಮಾಡಿಸಿ, ಅದರಲ್ಲಿ ಆಂಬ್ಯುಲೆನ್ಸ್ ಸೇರಿದೆಯೇ ನೋಡಿ. ವಿಮೆ ಇಲ್ಲದಿದ್ದರೂ ಪ್ರಾಣದ ಪ್ರಶ್ನೆ ಬಂದಾಗ ಫೋನ್ ಮಾಡಲು ಹಿಂಜರಿಯಬೇಡಿ. ಬಿಲ್ಲನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಆಮೇಲೆ ಕೇಳಿದರಾಯಿತು.