ಮೊದಲು ಹೆಡ್‌ಫೋನ್, ಆಂಪ್ ಆಮೇಲೆ

ಐದಾರು ಸಾವಿರದಲ್ಲಿ ಹೆಡ್‌ಫೋನ್, ಆಂಪ್ (ದನಿಗೆ ಬಲ ಕೊಡುವ ಆಂಪ್ಲಿಫೈಯರ್) ಎರಡೂ ಬರ್ತಾವಾ ಅಂತ ಕೇಳಿದವರಿಗೆ: ದುಡ್ಡನ್ನು ಅರ್ಧರ್ಧ ಹಂಚಬೇಡಿ. ಜಾಸ್ತಿ ಪಾಲು ಹೆಡ್‌ಫೋನ್‌ಗೇ ಹೋಗಲಿ. ದನಿ ನಿಜವಾಗಿ ಬದಲಾಗುವುದು ಅಲ್ಲೇ.

ಡಬ್ಬಿಯ ಮೇಲೆ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್ ಲೆಕ್ಕ), ಸೆನ್ಸಿಟಿವಿಟಿ (ಕೊಟ್ಟ ಪವರಿಗೆ ಎಷ್ಟು ಜೋರಾಗಿ ಕೇಳುತ್ತದೆ, ಡೆಸಿಬೆಲ್ ಲೆಕ್ಕ) ಎರಡನ್ನೂ ನೋಡಿ. 16ರಿಂದ 32 ಓಮ್, 100 ಡೆಸಿಬೆಲ್ ಆಸುಪಾಸು ಇದ್ದರೆ ಸಾಮಾನ್ಯವಾಗಿ ಫೋನೇ ಸಾಕು. ಫೋನಿಗೆ ಜಾಕ್ ಇಲ್ವಾ? ಸಣ್ಣ ಯುಎಸ್‌ಬಿ-ಸಿ ಡಾಂಗಲ್ ತಗೊಳ್ಳಿ. ಡ್ಯಾಕ್ (ಫೋನಿನ ಡಿಜಿಟಲ್ ಸಂಕೇತವನ್ನು ಹೆಡ್‌ಫೋನಿಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಚಿಪ್), ಪುಟ್ಟ ಆಂಪ್ ಎರಡೂ ಅದರೊಳಗೇ ಇರುತ್ತವೆ. ಸೆನ್‌ಹೈಸರ್ ಎಚ್‌ಡಿ 600 ತರಹದ 300 ಓಮ್ ಹೆಡ್‌ಫೋನ್ ಆದರೆ ಬೇರೆ ಆಂಪ್ ಯೋಚಿಸಬಹುದು. ವಾಲ್ಯೂಮ್ ಮುಕ್ಕಾಲಿಗೇ ಜೋರಾಗಿ ಕೇಳುತ್ತಿದ್ದರೆ ಆಂಪ್ ಸುಮ್ನೆ ಖರ್ಚು.

ಇನ್ನು ನಮ್ಮ ಕಲಬುರಗಿ ಬಿಸಿಲು. ಹೊರಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನ್‌ನಲ್ಲಿ ಕಿವಿಗೆ ಗಾಳಿ ಆಡುತ್ತದೆ, ತಂಬೂರಿ, ತಬಲಾ ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಕೂಲರ್ ಸದ್ದೂ ಪೂರ್ತಿ ಒಳಗೆ ಬರುತ್ತದೆ, ಏಪ್ರಿಲ್‌ನಲ್ಲಿ ಕೂಲರ್ ಬಂದ್ ಮಾಡಿ ಕೂರೋಕಾಗುತ್ತಾ? ಅಂಥವರು ಹೊರಬದಿ ಮುಚ್ಚಿದ ಕ್ಲೋಸ್ಡ್ ಬ್ಯಾಕ್ ತಗೊಂಡು, ರೆಕ್ಸಿನ್ ಪ್ಯಾಡ್ ಬದಲು ಬಟ್ಟೆಯ ಪ್ಯಾಡ್ ಹಾಕಿ. ಬಾಸ್ ಸ್ವಲ್ಪ ಕಮ್ಮಿಯಾಗಬಹುದು, ಬೆವರೂ ಕಮ್ಮಿ. ಪ್ಯಾಡ್ ಬಿಡಿಯಾಗಿ ಸಿಗುತ್ತಾ, ಕೇಬಲ್ ಬಿಚ್ಚಿ ಬದಲಿಸಬಹುದಾ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ.